ಬೇಸಿಗೆಗೆ ಮುನ್ನ ಊರು ಸಜ್ಜಾಗುವುದು ಹೇಗೆ: ಬಿಸಿಲ ಸೀಮೆಯ ಹಳ್ಳಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ಬಿಸಿಲು ಹೊಸದೇನಲ್ಲ. ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಸೀಮೆ ಇದು. ‘ನಮಗ ಬಿಸಲು ರೂಢಿ ಐತ್ರಿ’ ಎಂಬ ಮಾತು ಹೊಲದಲ್ಲಿ, ಗುಡಿಕಟ್ಟೆಯ ಮೇಲೆ, ಪಂಚಾಯಿತಿ ಸಭೆಯಲ್ಲೂ ಕೇಳಿಬರುತ್ತದೆ. ಆದರೆ ಆ ರೂಢಿ ಬೆಳೆದ ಕಾಲದಲ್ಲಿ ಊರು ಬೇರೆಯೇ ಇತ್ತು. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ, ಅಂಗಳದಲ್ಲಿ ಬೇವಿನ ಮರ, ಮನೆ ತುಂಬ ಜನ. ಈಗ ಅದೇ ಓಣಿಯಲ್ಲಿ ತಗಡಿನ ಮನೆಗಳೂ ಆರ್‌ಸಿಸಿ ಮನೆಗಳೂ ಎದ್ದಿವೆ. ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗಿದ್ದಾರೆ. ಮನೆಯಲ್ಲಿ ಉಳಿದವರು ಮುದುಕರು, ಮೊಮ್ಮಕ್ಕಳು. ಇದರ ಮೇಲೆ ಹವಾಮಾನವೂ ಬದಲಾಗಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರೊಳಗೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಸರಾಸರಿ ಇಷ್ಟು ಏರಿದರೂ ಸಾಕು, ತೀರಾ ಬಿಸಿಯಾದ ದಿನಗಳು ಮತ್ತು ರಾತ್ರಿಗಳು ಎಣಿಕೆಯಲ್ಲಿ ಹೆಚ್ಚುತ್ತವೆ.

ಬಿಸಿಲಿಗೆ ರೂಢಿಯಾದವರೂ ಸಾಯುತ್ತಾರೆ ಎಂಬುದನ್ನು ಅಹಮದಾಬಾದ್ ದೊಡ್ಡ ಬೆಲೆ ತೆತ್ತು ಕಲಿಯಿತು. 2010ರ ಮೇ 21ರಂದು ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಹೋಯಿತು. ಬೇರೆ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ ಆ ಒಂದು ತಿಂಗಳಲ್ಲಿ 1,344 ಸಾವು ಹೆಚ್ಚಾಗಿದ್ದವು ಎಂದು ಸಂಶೋಧಕರು ಆಮೇಲೆ ಮರಣ ನೋಂದಣಿಯಿಂದ ಲೆಕ್ಕ ತೆಗೆದರು. 2013ರಲ್ಲಿ ಆ ನಗರ ಬಿಸಿಲು ಎದುರಿಸುವ ಕ್ರಿಯಾ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಆ ಯೋಜನೆಯಿಂದ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವು ತಪ್ಪಿವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವರು ಮಾಡಿದ್ದರಲ್ಲಿ ದುಬಾರಿಯಾದದ್ದು ಹೆಚ್ಚೇನೂ ಇರಲಿಲ್ಲ: ಮುನ್ನೆಚ್ಚರಿಕೆ ಜನರ ಕಿವಿಗೆ ತಲುಪುವಂತೆ ನೋಡಿಕೊಂಡರು, ಆಸ್ಪತ್ರೆಯವರಿಗೆ ತರಬೇತಿ ಕೊಟ್ಟರು, ಕುಡಿಯುವ ನೀರು ಇಟ್ಟರು, ಮುಂದೆ ಬಡವರ ಮನೆಯ ಚಾವಣಿಗೆ ಬಿಳಿ ಬಳಿಸಿದರು.

ಇವೆಲ್ಲವನ್ನೂ ಒಂದು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಾಡಲು ಸಾಧ್ಯ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು, ಶಾಲೆಯ ಮೇಷ್ಟ್ರು, ಊರಿನ ಯುವಕರು ಓದಿ ಕೆಲಸಕ್ಕೆ ಹಚ್ಚಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಎಲ್ಲ ಹೆಜ್ಜೆಗಳಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವುದು ಎರಡನೆಯದು: ಯಾರ ಮನೆಗೆ ಯಾರು ಹೋಗಿ ನೋಡಬೇಕು ಎಂಬ ಪಟ್ಟಿ. ಬಿಸಿಲು ಬೀದಿಯಲ್ಲಿ ಬೀಳಿಸಿ ಕೊಲ್ಲುವುದಕ್ಕಿಂತ ಮನೆಯೊಳಗೆ, ಒಬ್ಬರೇ ಇರುವಾಗ, ಸದ್ದಿಲ್ಲದೆ ಕೊಲ್ಲುವುದೇ ಹೆಚ್ಚು. ಅಂಥ ಸಾವನ್ನು ‘ವಯಸ್ಸಾಗಿತ್ತು, ಹೋದರು’ ಎಂದು ಮುಗಿಸಿಬಿಡುತ್ತೇವೆ.

ಮೊದಲು ತಿಳಿದಿರಬೇಕಾದದ್ದು

ಭಾರತೀಯ ಹವಾಮಾನ ಇಲಾಖೆಯ ಅಳತೆಯಲ್ಲಿ ಬಯಲು ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಬಿಸಿಗಾಳಿ. 6.4 ಡಿಗ್ರಿಯನ್ನೂ ಮೀರಿದರೆ ತೀವ್ರ ಬಿಸಿಗಾಳಿ. ವಾಡಿಕೆ ಎಷ್ಟೇ ಇರಲಿ, 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಕರಾವಳಿಯಲ್ಲಿ ಈ ಲೆಕ್ಕ 37 ಡಿಗ್ರಿಯಿಂದಲೇ ಶುರುವಾಗುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ.

ನಮ್ಮ ಕಡೆ ಒಂದು ತೊಡಕಿದೆ, ಅದನ್ನು ಬಲ್ಲವರು ಕಡಿಮೆ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 42, 43 ಡಿಗ್ರಿ ಬಂದರೂ ‘ಬಿಸಿಗಾಳಿ’ ಎಂಬ ಘೋಷಣೆ ಆಗದಿರಬಹುದು. ಮೈಗೆ ಘೋಷಣೆ ಗೊತ್ತಿಲ್ಲ. ಆದ್ದರಿಂದ ನಿಮ್ಮ ಊರಿಗೆ ನಿಮ್ಮದೇ ಗೆರೆ ಹಾಕಿಕೊಳ್ಳಿ. ನನ್ನ ಸಲಹೆ: ಮುನ್ಸೂಚನೆಯಲ್ಲಿ 42 ಕಂಡರೆ ಊರಿನ ವ್ಯವಸ್ಥೆ ಚಾಲೂ ಆಗಲಿ. ರಾತ್ರಿಯೂ ಮನೆಯೊಳಗೆ ಸೆಕೆ ಇಳಿಯದೆ ಎರಡು ದಿನ ಸತತ ಹೋದರೆ 40ಕ್ಕೇ ಚಾಲೂ ಮಾಡಿ. ಹಗಲಿನ ಕಾವನ್ನು ಮೈ ರಾತ್ರಿ ಇಳಿಸಿಕೊಳ್ಳಬೇಕು. ಅದಕ್ಕೆ ಎಡೆ ಸಿಗದಿದ್ದರೆ ಹೃದಯಕ್ಕೂ ಮೂತ್ರಪಿಂಡಕ್ಕೂ ಬಿಡುವೇ ಇಲ್ಲ.

ಮನೆಯೊಳಗಿನ ಬಿಸಿ ಬೇರೆ, ಮೊಬೈಲಿನಲ್ಲಿ ಕಾಣುವ ಅಂಕಿ ಬೇರೆ. ಗೋಡೆಗೆ ನೇತುಹಾಕುವ ಸಾದಾ ಉಷ್ಣಮಾಪಕವನ್ನು ಒಂದು ತಗಡಿನ ಮನೆಯಲ್ಲಿ, ಒಂದು ಆರ್‌ಸಿಸಿ ಮನೆಯಲ್ಲಿ, ಒಂದು ಹಳೆಯ ಮಾಳಿಗೆ ಮನೆಯಲ್ಲಿ ಇಟ್ಟು ಮಧ್ಯಾಹ್ನ 3ಕ್ಕೆ ಮತ್ತು ರಾತ್ರಿ 10ಕ್ಕೆ ಬರೆದುಕೊಳ್ಳಿ. ತಗಡು ಮಧ್ಯಾಹ್ನ ಕಾದು ಸಂಜೆ ಬೇಗ ಆರುತ್ತದೆ. ಕಾಂಕ್ರೀಟಿನ ಚಾವಣಿ ಹಗಲೆಲ್ಲ ಕಾವು ಹೀರಿಕೊಂಡು ರಾತ್ರಿ ಕೆಳಗೆ ಬಿಡುತ್ತದೆ. ಯಾವ ಮನೆಯವರನ್ನು ಯಾವ ಹೊತ್ತಿಗೆ ನೋಡಬೇಕು ಎಂಬುದಕ್ಕೆ ಈ ಅಂಕಿಗಳೇ ದಾರಿ ತೋರಿಸುತ್ತವೆ.

ಹೆಜ್ಜೆ 1: ಫೆಬ್ರುವರಿಯಲ್ಲಿ ಒಂದು ಸಭೆ

ಮಾರ್ಚ್ ಕಾಲಿಟ್ಟ ಮೇಲೆ ತಡವಾಗುತ್ತದೆ. ಹೊಸ ಸಮಿತಿ ಕಟ್ಟುವ ಅಗತ್ಯವಿಲ್ಲ, ಪ್ರತಿ ಕಂದಾಯ ಗ್ರಾಮದಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದು ಇರಬೇಕು. ಅದರ ಖಾತೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಗೆ ಅವಕಾಶವಿದೆ. ಆ ಸಮಿತಿಯನ್ನೇ ಕರೆಯಿರಿ. ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ, ನೀರು ಬಿಡುವ ವಾಟರ್‌ಮನ್ ಇರಲೇಬೇಕು. ಲೈನ್‌ಮನ್‌ನನ್ನು ಎಲ್ಲರೂ ಮರೆಯುತ್ತಾರೆ. ಮಧ್ಯಾಹ್ನ 2ರಿಂದ 4ರೊಳಗೆ ಕರೆಂಟು ಹೋದರೆ ಫ್ಯಾನೂ ಇಲ್ಲ, ನೀರೆತ್ತುವ ಮೋಟರೂ ಇಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧು, ಕಲ್ಲಿನ ಗಣಿ ಅಥವಾ ಇಟ್ಟಿಗೆ ಭಟ್ಟಿ ಇದ್ದರೆ ಅದರ ಮೇಸ್ತ್ರಿ, ಗುಡಿ ಮತ್ತು ಮಸೀದಿಯ ಮೈಕು ನೋಡಿಕೊಳ್ಳುವವರು ಕೂಡ ಬರಲಿ.

ಸಭೆಯಲ್ಲಿ ಭಾಷಣ ಬೇಡ. ಯಾರು ಏನು ಮಾಡುತ್ತಾರೆ ಎಂದು ಬರೆದು, ಒಬ್ಬೊಬ್ಬರ ಹೆಸರಿನ ಮುಂದೆ ಸಹಿ ಹಾಕಿಸಿ ಎದ್ದರೆ ಸಾಕು.

ಹೆಜ್ಜೆ 2: ಪಟ್ಟಿ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಓಣಿ ಓಣಿ ತಿರುಗಿ ಇವರ ಹೆಸರು ಬರೆಯಿರಿ: 65 ದಾಟಿದವರು, ಅದರಲ್ಲೂ ಒಂಟಿಯಾಗಿರುವವರು. ಗರ್ಭಿಣಿಯರು, ಬಾಣಂತಿಯರು, ಒಂದು ವರ್ಷದೊಳಗಿನ ಕೂಸುಗಳು. ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು. ಮಾನಸಿಕ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು. ಲಕ್ವ ಹೊಡೆದು ಹಾಸಿಗೆ ಹಿಡಿದವರು. ಹಗಲಿನಲ್ಲೂ ಕುಡಿಯುವ ಚಟವಿರುವವರು. ಬಿಸಿಲಲ್ಲೇ ದುಡಿಯಬೇಕಾದವರು. ಪ್ರತಿ ಹೆಸರಿನ ಪಕ್ಕ ಮನೆಯ ಚಾವಣಿ ಎಂಥದ್ದು, ಮನೆಯಲ್ಲಿ ನಳ ಇದೆಯೇ, ಶೌಚಾಲಯ ಬಳಕೆಯಲ್ಲಿದೆಯೇ ಎಂದು ಬರೆಯಿರಿ. ಈ ಕೊನೆಯದನ್ನು ಬಿಡಬೇಡಿ. ಬಯಲಿಗೆ ಹೋಗಬೇಕಾದೀತು ಎಂದು ಹಗಲೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಬಹಳ. ಅವರಿಗೆ ‘ನೀರು ಕುಡಿಯಿರಿ’ ಎಂದು ಉಪದೇಶ ಮಾಡಿ ಉಪಯೋಗವಿಲ್ಲ, ಪಕ್ಕದ ಮನೆಯ ಶೌಚಾಲಯದ ಬಾಗಿಲು ಅವರಿಗೆ ತೆರೆಸಬೇಕು.

ಗುಳೆ ಹೋದ ಮಕ್ಕಳ ಫೋನ್ ನಂಬರನ್ನೂ ಬರೆದುಕೊಳ್ಳಿ. ಊರಿನಲ್ಲಿ ಅಪ್ಪನ ಗುಳಿಗೆ ಮುಗಿದಿದೆ ಎಂದು ಪುಣೆಯಲ್ಲಿರುವ ಮಗನಿಗೆ ತಿಳಿಸಲು ಯಾರಾದರೂ ಬೇಕು. ಮೊಬೈಲಿಗೆ ಬರುವ ಎಚ್ಚರಿಕೆಯನ್ನು ಮಗನೇ ನೋಡಿ ಪಕ್ಕದ ಮನೆಗೆ ಫೋನ್ ಮಾಡುವಂತಾದರೆ ಇನ್ನೂ ಒಳ್ಳೆಯದು.

ಪಟ್ಟಿ ಆದ ಮೇಲೆ ಒಬ್ಬೊಬ್ಬರಿಗೆ ಒಬ್ಬ ‘ನೋಡಿಬರುವವರು’ ಬೇಕು. ಅವರು ಅದೇ ಓಣಿಯವರಾಗಿರಲಿ. ಒಬ್ಬರ ಪಾಲಿಗೆ ಐದು ಮನೆಗಿಂತ ಹೆಚ್ಚು ಬೇಡ, ಹೆಚ್ಚಾದರೆ ಯಾವ ಮನೆಗೂ ಹೋಗುವುದಿಲ್ಲ. ಇದನ್ನೆಲ್ಲ ಆಶಾ ಮೇಲೆಯೇ ಹೊರಿಸುವುದು ನಮ್ಮಲ್ಲಿ ನಡೆದುಬಂದ ಅನ್ಯಾಯ, ಅವರ ಹೆಗಲ ಮೇಲೆ ಈಗಾಗಲೇ ಸಾಕಷ್ಟಿದೆ. ಸ್ವಸಹಾಯ ಸಂಘದವರು, ಪಿಯುಸಿ ಮುಗಿಸಿ ರಜೆಯಲ್ಲಿರುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಯಾರಿಗೆ ಯಾವ ಕಾಯಿಲೆ ಎಂಬ ವಿವರ ಮಾತ್ರ ಆಶಾ ಬಳಿಯೇ ಇರಲಿ. ನೋಡಿಬರುವವರಿಗೆ ಹೆಸರು, ಮನೆ, ಹೊತ್ತು ಗೊತ್ತಿದ್ದರೆ ಸಾಕು.

ಬಿಸಿ ಹೆಚ್ಚಿದ ದಿನ ಎರಡು ಸಲ ಹೋಗಬೇಕು: ಬೆಳಿಗ್ಗೆ 11ರ ಸುಮಾರಿಗೆ ಒಮ್ಮೆ, ಸಂಜೆ 4ರಿಂದ 5ರೊಳಗೆ ಒಮ್ಮೆ. ಬಾಗಿಲಲ್ಲಿ ನಿಂತು ‘ಆರಾಮ ಇದ್ದೀರೇನ್ರಿ’ ಎಂದು ಕೇಳಿ ತಿರುಗಿಬಿಟ್ಟರೆ ಏನೂ ತಿಳಿಯದು, ಆರಾಮ ಎಂದೇ ಅನ್ನುತ್ತಾರೆ. ಒಳಗೆ ಹೋಗಿ ಕೂತು, ‘ಮುತ್ಯಾ, ಊಟ ಆತೇನ್ರಿ? ರಾತ್ರಿ ನಿದ್ದಿ ಬಂತ್ರೀ? ಮುಂಜಾನಿಂದ ಎಷ್ಟ ಸಲ ಮೂತ್ರಕ್ಕ ಹೋಗಿದ್ರಿ?’ ಎಂದು ಕೇಳಿ. ಉತ್ತರದ ಜೊತೆಗೆ ಉತ್ತರ ಕೊಡುವ ರೀತಿಯನ್ನೂ ಗಮನಿಸಿ. ನಿನ್ನೆ ಸರಿಯಾಗಿ ಮಾತಾಡಿದವರು ಇಂದು ತೊದಲಿದರೆ, ಸುಮ್ಮನೆ ಸಿಡುಕಿದರೆ, ಕೇಳಿದ್ದೇ ಬೇರೆ ಹೇಳಿದ್ದೇ ಬೇರೆ ಆದರೆ ಅದು ಅಪಾಯದ ಗುರುತು. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿಲ್ಲ ಅಥವಾ ಒಮ್ಮೆ ಮಾತ್ರ, ಅದೂ ಕಡು ಹಳದಿ ಎಂದರೆ ನೀರು ಸಾಲದು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ, ನೀರಡಿಕೆ ಆಗಿಲ್ಲ ಎಂಬ ಅವರ ಮಾತು ಸುಳ್ಳಲ್ಲ, ಆದರೂ ಮೈ ಒಣಗಿರುತ್ತದೆ. ನೀರಿನ ತಂಬಿಗೆ ಕೈಗೆಟುಕುವಲ್ಲಿದೆಯೇ ನೋಡಿ. ಇರದಿದ್ದರೆ ತುಂಬಿಟ್ಟು, ಎದುರಿಗೇ ಒಂದು ಲೋಟ ಕುಡಿಸಿ, ಆಮೇಲೆ ಏಳಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಎಷ್ಟು ಕುಡಿಸಬೇಕೆಂದು ಆರೋಗ್ಯಾಧಿಕಾರಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಎಚ್ಚರಿಕೆ ಕಿವಿಗೆ ಬೀಳುವಂತೆ ಮಾಡುವುದು

ಹವಾಮಾನ ಇಲಾಖೆ ಐದು ದಿನ ಮುಂಚಿತವಾಗಿ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಹಸಿರು ಎಂದರೆ ಆತಂಕವಿಲ್ಲ, ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ. ‘ಮೌಸಮ್’ ಆ್ಯಪ್‌ನಲ್ಲಿ ಇದು ಸಿಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಇಟ್ಟಿದೆ. ಅವರ ‘ವರುಣಮಿತ್ರ’ ಸಹಾಯವಾಣಿಗೆ ಯಾರು ಬೇಕಾದರೂ ಫೋನ್ ಮಾಡಿ ಕೇಳಬಹುದು.

ಇಷ್ಟೆಲ್ಲ ಇದ್ದೂ ಆ ಮಾಹಿತಿ ಮೊಬೈಲ್ ಇಲ್ಲದ ಅಜ್ಜಿಗೆ ತಲುಪುವುದಿಲ್ಲ. ಸಂಜೆ 6ಕ್ಕೆ ಮುನ್ಸೂಚನೆ ನೋಡುವ ಕೆಲಸ ಒಬ್ಬರಿಗೆ ಗೊತ್ತುಮಾಡಿ, ಅವರು ಇಲ್ಲದ ದಿನಕ್ಕೆ ಇನ್ನೊಬ್ಬರನ್ನೂ. 42 ಕಂಡರೆ ಅದೇ ಸಂಜೆ ಗುಡಿ ಮತ್ತು ಮಸೀದಿಯ ಮೈಕಿನಲ್ಲಿ ಹೇಳಿಸಿ, ಮರುದಿನ ಬೆಳಿಗ್ಗೆ ಕಸದ ಗಾಡಿಯ ಸ್ಪೀಕರಿನಲ್ಲಿ ಮತ್ತೆ ಹೇಳಿಸಿ. ಡಂಗುರ ಇನ್ನೂ ಉಳಿದಿರುವ ಊರಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಾತು ಚಿಕ್ಕದಿರಲಿ, ಏನು ಮಾಡಬೇಕೆಂಬುದು ಅದರಲ್ಲಿರಲಿ: ‘ನಾಳೆ ಬಿಸಲು ಭಾಳ ಐತಿ. ಹನ್ನೆರಡರಿಂದ ನಾಲ್ಕರ ತನಕ ಹೊಲದ ಕೆಲಸ ಬ್ಯಾಡ. ಒಬ್ಬರ ಇರೋ ಹಿರಿಯರ ಮನಿಗೆ ಹೋಗಿ ನೋಡ್ರಿ.’

ಹೆಜ್ಜೆ 4: ನೀರು, ನೆರಳು, ಕೆಲಸದ ಹೊತ್ತು

ಅರವಟ್ಟಿಗೆ ನಮ್ಮಲ್ಲಿ ಹಳೆಯ ಧರ್ಮ. ಬಸ್ ನಿಲ್ದಾಣ, ಸಂತೆ, ನ್ಯಾಯಬೆಲೆ ಅಂಗಡಿ, ಬ್ಯಾಂಕಿನ ಮುಂದೆ ಇಡಿ. ಪಿಂಚಣಿ ಮತ್ತು ಪಡಿತರದ ದಿನ ಮುದುಕರು ಸಾಲಿನಲ್ಲಿ ನಿಲ್ಲುವ ಜಾಗಗಳಿವು. ಆ ಸಾಲುಗಳನ್ನು ಬೆಳಿಗ್ಗೆ 10ರೊಳಗೆ ಮುಗಿಸುವಂತೆ ಅಂಗಡಿಯವರೊಂದಿಗೆ ಮೊದಲೇ ಮಾತಾಡಿ. ಮಣ್ಣಿನ ಹರವಿಗೆ ಒದ್ದೆ ಗೋಣಿ ಸುತ್ತಿ, ಮುಚ್ಚಳ ಹಾಕಿ, ಉದ್ದ ಹಿಡಿಕೆಯ ಚಂಬು ಇಡಿ. ಕೈ ಅದ್ದಿ ನೀರು ತೆಗೆದರೆ ತಂಪು ಕೊಡಲು ಹೋಗಿ ವಾಂತಿಭೇದಿ ಹಂಚಿದಂತಾಗುತ್ತದೆ. ನಳ ಕೂಡಿಸಿದ ಹರವಿ ಸಿಕ್ಕರೆ ಅದೇ ಲೇಸು. ದನಕರುಗಳ ತೊಟ್ಟಿಯನ್ನೂ ತುಂಬಿಸಿ.

ಕುಡಿಯಲು ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಹಾಕಿದ ನಿಂಬೆ ಶರಬತ್ತು ಎಲ್ಲವೂ ಸರಿ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಅಂದಾಜಿನ ಮೇಲೆ ಹಾಕಬೇಡಿ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಇಟ್ಟುಕೊಂಡರೆ ಕೆಡುಕಿಲ್ಲ, ಆದರೆ ಅದರ ಧೈರ್ಯದ ಮೇಲೆ ನೀರು ಬಿಟ್ಟು ಹೊಲಕ್ಕೆ ಹೋಗಬೇಡಿ. ರೊಟ್ಟಿಯ ಜೊತೆ ತಿನ್ನಿ.

ಕೆಲಸದ ಹೊತ್ತಿನ ಬಗ್ಗೆ ಪಂಚಾಯಿತಿ ಗಟ್ಟಿಯಾಗಿ ನಿಲ್ಲಬೇಕು. ಉದ್ಯೋಗ ಖಾತ್ರಿಯ ಸ್ಥಳದಲ್ಲಿ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು. ಬೇಸಿಗೆಯಲ್ಲಿ ಕಲಬುರಗಿ ಮತ್ತು ಬೆಳಗಾವಿ ವಿಭಾಗದ ಕೂಲಿಕಾರರಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುವ ಆದೇಶ ಸರ್ಕಾರದಿಂದ ಬರುವುದುಂಟು. ಆ ವರ್ಷದ ಆದೇಶ ಏನಿದೆ ಎಂದು ಪಿಡಿಒ ಬಳಿ ಕೇಳಿ, ಅದರ ಪ್ರತಿಯನ್ನು ಕೆಲಸದ ಜಾಗದಲ್ಲೇ ಅಂಟಿಸಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲಿನ ಗಣಿಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಬಂಡೆ. ಬೆಳಿಗ್ಗೆ 6ರಿಂದ 11, ಸಂಜೆ 4ರ ಮೇಲೆ ಎಂದು ಹೊತ್ತು ಬದಲಿಸಲು ಮೇಸ್ತ್ರಿಗಳನ್ನು ಒಪ್ಪಿಸಿ. ಬಿಸಿಲಲ್ಲಿ ದುಡಿಯುವವರಿಗೆ 20 ನಿಮಿಷಕ್ಕೊಂದು ಲೋಟ ನೀರು ಬೇಕು.

ಮೇಸ್ತ್ರಿಗಳಿಗೆ ಇನ್ನೊಂದು ಮಾತು ತಪ್ಪದೆ ಹೇಳಿ. ಕೆಲಸಕ್ಕೆ ಹೊಸದಾಗಿ ಸೇರಿದವರು, ರಜೆ ಮುಗಿಸಿ ಅಥವಾ ಜ್ವರದಿಂದ ಎದ್ದು ಬಂದವರು ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಬೀಳುತ್ತಾರೆ. ಮೈ ಬಿಸಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಮೊದಲ ದಿನ ಅಂಥವರಿಗೆ ಪೂರ್ತಿ ಕೆಲಸ ಕೊಡಬಾರದು, ದಿನದಿಂದ ದಿನಕ್ಕೆ ಏರಿಸಬೇಕು.

ಹೆಜ್ಜೆ 5: ಚಾವಣಿಗೆ ಬಿಳಿ

ಖರ್ಚಿಗೆ ಹೋಲಿಸಿದರೆ ಇದರಷ್ಟು ಫಲ ಕೊಡುವ ಕೆಲಸ ಕಡಿಮೆ. ಬಿಳಿ ಚಾವಣಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಮನೆಯೊಳಗಿನ ಬಿಸಿ ಎರಡರಿಂದ ಐದು ಡಿಗ್ರಿ ತಗ್ಗಬಹುದು. ಮಾರ್ಚ್ ಮೊದಲ ವಾರದಲ್ಲಿ, ಪಟ್ಟಿಯಲ್ಲಿರುವ ಒಂಟಿ ಹಿರಿಯರ ಮನೆ, ಅಂಗನವಾಡಿ, ಉಪಕೇಂದ್ರ ಈ ಕ್ರಮದಲ್ಲಿ ಶುರುಮಾಡಿ.

ಆರ್‌ಸಿಸಿ ಚಾವಣಿಯಾದರೆ ಕಸ, ಪಾಚಿ ಉಜ್ಜಿ ತೆಗೆದು ತೊಳೆಯಿರಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಅಂಟು ಬೆರೆಸಿ. ಅಂಟಿಲ್ಲದ ಸುಣ್ಣ ಮೊದಲ ಮಳೆಗೇ ಹೋಗುತ್ತದೆ. ಒಂದು ಕೈ ಬಳಿದು, ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು ಕೈ. ತಗಡಿಗೆ ಸುಣ್ಣ ಹಿಡಿಯುವುದಿಲ್ಲ. ಅದಕ್ಕೆ ಬಿಸಿಲು ತಡೆಯುವ ಬಿಳಿ ಬಣ್ಣ ಬೇಕು, ಇಲ್ಲವೇ ತಗಡಿನ ಮೇಲೆ ತೊಗರಿ ಕಟ್ಟಿಗೆ, ಜೋಳದ ಸೊಪ್ಪೆ ಹರಡಿ ಕಟ್ಟಬಹುದು. ಸೊಪ್ಪೆ ಹಾಕಿದರೆ ಒಲೆಯ ಹೊಗೆ ಹೋಗುವ ಕಿಂಡಿಯಿಂದ ದೂರವಿರಲಿ, ಬೆಂಕಿಯ ಭಯವಿದೆ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಕನ್ನಡಕ ಹಾಕದೆ ಯಾರನ್ನೂ ಹತ್ತಿಸಬೇಡಿ. ಸಿಡಿದರೆ ಉಜ್ಜದೆ ತುಂಬ ಹೊತ್ತು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಹಳೆಯ ತಗಡು, ಸಿಮೆಂಟ್ ಶೀಟಿನ ಮೇಲೆ ಕಾಲಿಡುವುದೇ ಅಪಾಯ, ಪಕ್ಕದಲ್ಲಿ ಏಣಿ ಇಟ್ಟು ಉದ್ದ ಕೋಲಿಗೆ ಬ್ರಷ್ ಕಟ್ಟಿ ಬಳಿಯಿರಿ.

ಮನೆಗಿಂತ ತಂಪಾದ ಒಂದು ಸಾರ್ವಜನಿಕ ಜಾಗವನ್ನೂ ಗುರುತಿಸಿ: ಕಲ್ಲಿನ ಗುಡಿ, ಸಮುದಾಯ ಭವನ, ರಜೆಯಲ್ಲಿರುವ ಶಾಲೆಯ ಕೊಠಡಿ. ಅಲ್ಲಿ ನೀರು, ಫ್ಯಾನು, ಒರಗಲು ಜಮಖಾನೆ ಇರಲಿ. ಯಾವ ಜಾತಿಯವರೂ ಹಿಂಜರಿಯದೆ ಬಂದು ಕೂರುವ ಜಾಗವೇ ಆಗಬೇಕು. ಕೇರಿಯವರು ಬರಲಾರದ ಗುಡಿಯನ್ನು ಆರಿಸಿದರೆ ತಂಪು ಅತ್ಯಂತ ಬೇಕಾದವರಿಗೇ ಬಾಗಿಲು ಮುಚ್ಚಿದಂತೆ.

ಹೆಜ್ಜೆ 6: ಬಿಸಿಲು ಬಡಿದವರನ್ನು ಉಳಿಸುವುದು

ಊರಿನಲ್ಲಿ ಕನಿಷ್ಠ ಹತ್ತು ಮಂದಿಗಾದರೂ ಇದನ್ನು ಮಾಡಿ ತೋರಿಸಿ ಕಲಿಸಿ, ಓದಿ ಹೇಳಿದರೆ ಸಾಲದು.

ತಲೆಸುತ್ತು, ಓಕರಿಕೆ, ಕಾಲು ಸೆಳೆತ, ವಿಪರೀತ ಬೆವರು ಇದ್ದು ಪ್ರಜ್ಞೆ ಸರಿಯಿದ್ದರೆ ಅದು ಬಿಸಿಲಿನ ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಸ್ಪತ್ರೆ. ಚೇತರಿಸಿದರೂ ಆ ದಿನ ಮತ್ತೆ ಬಿಸಿಲಿಗಿಳಿಸಬೇಡಿ.

ಮೈ ಕೆಂಡದಂತೆ ಸುಡುತ್ತ, ಮಾತು ತಪ್ಪುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಮೈಯೊಳಗಿನ ಬಿಸಿ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ. ಬೆವರು ನಿಂತಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಎಂದು ಕಾಯುತ್ತ ಕೂರಬೇಡಿ. ದುಡಿಯುವಾಗ ಬಿದ್ದವರ ಮೈ ಒದ್ದೆಯಾಗಿಯೂ ಇರಬಹುದು. ‘ನಿಮ್ಮ ಹೆಸರೇನು, ಇದು ಯಾವ ಊರು, ಇವತ್ತು ಯಾವ ವಾರ’ ಎಂದು ಕೇಳಿ. ಉತ್ತರ ತಪ್ಪಿದರೆ ಆ ಕ್ಷಣದಿಂದಲೇ ಶುರುಮಾಡಿ:

1. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಆಂಬುಲೆನ್ಸಿಗೆ ಕಾಯದೆ ತಂಪು ಮಾಡಲು ತೊಡಗಲಿ. ಮೊದಲು ತಂಪು ಮಾಡಬೇಕು, ಆಮೇಲೆ ಸಾಗಿಸಬೇಕು. ಮೊದಲ ಅರ್ಧ ಗಂಟೆಯಲ್ಲಿ ಮೈ ಬಿಸಿ ಇಳಿಸಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.
2. ನೆರಳಿಗೆ ತಂದು, ಮೇಲಿನ ಬಟ್ಟೆ ತೆಗೆಯಿರಿ. ಹೆಂಗಸರಾದರೆ ಸುತ್ತ ಸೀರೆ ಮರೆ ಹಿಡಿದುಕೊಂಡು ತೆಗೆಯಿರಿ. ಸಂಕೋಚದಿಂದ ಇಲ್ಲಿ ತಡಮಾಡುವುದೇ ಮುಳುವಾಗುತ್ತದೆ.
3. ತಲೆಯಿಂದ ಕಾಲಿನವರೆಗೆ ಕೊಡಗಟ್ಟಲೆ ನೀರು ಸುರಿಯುತ್ತಲೇ ಇರಿ, ಜೊತೆಗೆ ಜೋರಾಗಿ ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿನಲ್ಲಿಡಿ. ಗಟ್ಟಿಮುಟ್ಟಾದ ಕೂಲಿಕಾರರಾದರೆ ಹತ್ತಿರದ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಇಳಿಸಿ, ಒಬ್ಬರು ತಲೆ ಹಿಡಿದುಕೊಂಡಿರಲಿ. ಇದರಷ್ಟು ವೇಗವಾಗಿ ಬಿಸಿ ಇಳಿಸುವ ದಾರಿ ಇನ್ನೊಂದಿಲ್ಲ.
4. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು, ಶರಬತ್ತು ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.
5. ಪ್ಯಾರಾಸಿಟಮಾಲ್, ಆಸ್ಪಿರಿನ್ ಕೊಡಬೇಡಿ. ಇದು ಜ್ವರವಲ್ಲ, ಆ ಗುಳಿಗೆಗಳಿಂದ ಇಳಿಯುವುದಿಲ್ಲ, ಮೇಲಾಗಿ ಹಾನಿ.
6. ಗಾಡಿಯಲ್ಲಿ ಸಾಗಿಸುವಾಗಲೂ ಒದ್ದೆ ಬಟ್ಟೆ ಹೊದಿಸಿ, ಕಿಟಕಿ ತೆರೆದು, ನೀರು ಚಿಮುಕಿಸುತ್ತ ಹೋಗಿ. ನಡುಕ ಬಂದರೆ, ಮಾತು ತಿಳಿಯಾದರೆ ನೀರು ಸುರಿಯುವುದನ್ನು ನಿಲ್ಲಿಸಬಹುದು. ಆಸ್ಪತ್ರೆಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐಸ್, ಗ್ಲೂಕೋಸ್ ಬಾಟಲಿ, ಒಂದು ತಂಪಾದ ಕೋಣೆಯ ಹಾಸಿಗೆ ಸಿದ್ಧವಿದೆಯೇ ಎಂದು ಮಾರ್ಚ್‌ನಲ್ಲೇ ಹೋಗಿ ಕೇಳಿಬನ್ನಿ. ನಿತ್ಯದ ಗುಳಿಗೆಗಳ ವಿಚಾರವನ್ನೂ ಆಗಲೇ ಮಾತಾಡಿ. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಗುಳಿಗೆ, ಹೃದಯ ಬಡಿತ ತಗ್ಗಿಸುವ ಗುಳಿಗೆ, ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಮೈ ಬಿಸಿ ಇಳಿಸಿಕೊಳ್ಳುವುದಕ್ಕೆ ಅಡ್ಡಿಯಾಗುತ್ತವೆ. ತಾವಾಗಿಯೇ ಯಾರೂ ನಿಲ್ಲಿಸಬಾರದು, ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರೇ ಹೇಳಲಿ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಶೀಶೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒಂದರೊಳಗೊಂದು ಇಟ್ಟು ನಡುವೆ ಒದ್ದೆ ಮರಳು ತುಂಬಿದ ಜೋಡಿ ಮಡಕೆಯಲ್ಲಿ ಒಳಗಿನದರಲ್ಲಿ ಇಟ್ಟರೆ ಕೋಣೆಗಿಂತ ಎಷ್ಟೋ ತಂಪಾಗಿರುತ್ತದೆ.

ಹೆಜ್ಜೆ 7: ಮಳೆ ಬಿದ್ದ ಮೇಲೆ

ಬಿಸಿಲು ತಗ್ಗಿತೆಂದು ಕೈಚೆಲ್ಲಿ ಕೂರುವ ಹಾಗಿಲ್ಲ. ನೀರಿನ ಅಭಾವದಲ್ಲಿ ಮನೆಮನೆಯಲ್ಲಿ ತುಂಬಿಟ್ಟ ಡ್ರಮ್ಮು, ಹರವಿ, ಸಿಮೆಂಟ್ ತೊಟ್ಟಿಗಳೇ ಡೆಂಗಿ ಸೊಳ್ಳೆಯ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ನೀರಿನ ಮಟ್ಟದ ಗೆರೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ವಾರದಲ್ಲಿ ಒಂದು ದಿನ ಗೊತ್ತುಮಾಡಿ ಊರೆಲ್ಲ ಒಟ್ಟಿಗೆ ಪಾತ್ರೆ ಬರಿದು ಮಾಡಿ. ಉಜ್ಜಲಾಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಿ. ಡೆಂಗಿ ಹಾವಳಿ ವಿಪರೀತವಾಗಿ 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಜ್ವರ ಇಳಿದ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ ಆಗಲೇ ಆಸ್ಪತ್ರೆಗೆ ಹೊರಡಿ. ಡೆಂಗಿಯಲ್ಲಿ ಜ್ವರ ಬಿಟ್ಟ ಹೊತ್ತೇ ಗಂಡಾಂತರದ ಹೊತ್ತು.

ನೀರಿನ ವಿಷಯದಲ್ಲಿ ವಾಟರ್‌ಮನ್‌ಗೆ ತರಬೇತಿ ಬೇಕೇ ಬೇಕು. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಹಲವರು ಪ್ರಾಣ ಕಳೆದುಕೊಂಡರು. ಪ್ರತಿ 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಎಂಬುದು ಲೆಕ್ಕ, 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಅರ್ಧ ಗಂಟೆಯಾದರೂ ಬಿಟ್ಟು ಆಮೇಲೆ ನೀರು ಬಿಡಬೇಕು. ಕೊನೆಯ ಮನೆಯ ನಳದಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿದಾಗ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು, ಪ್ರವಾಹದ ನಂತರವಾದರೆ 0.5. ಟ್ಯಾಂಕಿನ ಬುಡದಲ್ಲಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಪೈಪು ಒಡೆದು ಚರಂಡಿ ಸೇರುವುದು ದಾರಿಯಲ್ಲಿ. ಪೊಟ್ಟಣ ಒಡೆದು ತಿಂಗಳಾದ ಪೌಡರಿನ ಕಸುವು ಹೋಗಿರುತ್ತದೆ.

ಭೀಮಾ, ಕೃಷ್ಣಾ ದಂಡೆಯ ಊರುಗಳು 2019ರಲ್ಲಿ, 2020ರ ಅಕ್ಟೋಬರಿನಲ್ಲಿ ಕಂಡ ಪ್ರವಾಹವನ್ನು ಮರೆತಿಲ್ಲ. ಇಂಥ ಊರುಗಳಿಗೆ ಬೇಸಿಗೆಯ ಪಟ್ಟಿಯೇ ಪ್ರವಾಹಕ್ಕೂ ಬರುತ್ತದೆ: ಹಾಸಿಗೆ ಹಿಡಿದವರನ್ನು, ತುಂಬು ಗರ್ಭಿಣಿಯರನ್ನು ನೀರು ಏರುವ ಮೊದಲೇ ಸಾಗಿಸಬೇಕು. ಒಂದು ತಿಂಗಳ ಗುಳಿಗೆ, ಆಧಾರ್ ಮತ್ತು ತಾಯಿ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಿ. ನೀರಿಳಿದ ಮೇಲೆ ಬರಿಗಾಲಲ್ಲಿ ಕೆಸರು ತುಳಿಯುವವರಿಗೆ ಇಲಿಜ್ವರದ ಅಪಾಯವಿದೆ, ಜ್ವರದ ಜೊತೆ ಮೀನಖಂಡದ ನೋವು ಬಂದರೆ ವೈದ್ಯರಿಗೆ ಪ್ರವಾಹದ ವಿಷಯ ಹೇಳಬೇಕು. ಹಾವು ಕಡಿದರೆ ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂಬುದು ಪಂಚಾಯಿತಿ ಗೋಡೆಯ ಮೇಲೆ ಬರೆದಿರಲಿ.

ಹೆಜ್ಜೆ 8: ಬರೆದಿಡುವುದು

ಮಾರ್ಚ್‌ನಿಂದ ಜೂನ್‌ವರೆಗೆ ಊರಿನಲ್ಲಾದ ಪ್ರತಿ ಸಾವಿನ ಮುಂದೆ ನಾಲ್ಕು ಸಂಗತಿ ಬರೆಯಿರಿ: ಆ ದಿನದ ಉಷ್ಣಾಂಶ, ಮನೆಯ ಚಾವಣಿ, ಆ ಹೊತ್ತಿನಲ್ಲಿ ಯಾರಿದ್ದರು, ಹಿಂದಿನ ದಿನ ಹೇಗಿದ್ದರು. ದುಃಖದಲ್ಲಿರುವ ಮನೆಯಲ್ಲಿ ಇದನ್ನು ದಿನಕರ್ಮ ಮುಗಿದ ಮೇಲೆ, ಅವರಿಗೆ ಹತ್ತಿರದವರು ಮೆಲ್ಲಗೆ ಕೇಳಲಿ. ಕಾರಣ ಇಂಥದ್ದೇ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ಬರೆದಿಟ್ಟ ಪುಟ ಇಲ್ಲದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದೆ ಇಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅಹಮದಾಬಾದಿನ ಯೋಜನೆಗೆ ಬುನಾದಿಯಾದದ್ದು ಮರಣ ನೋಂದಣಿಯ ಪುಸ್ತಕವೇ.

ಜೂನ್ ಕೊನೆಯಲ್ಲಿ ಮತ್ತೆ ಸೇರಿ. ಯಾವ ಮನೆಗೆ ಯಾರೂ ಹೋಗಲಿಲ್ಲ, ಯಾವ ಅರವಟ್ಟಿಗೆ ಮಧ್ಯಾಹ್ನಕ್ಕೇ ಬರಿದಾಗುತ್ತಿತ್ತು, 108 ಬರಲು ಎಷ್ಟು ಹೊತ್ತಾಯಿತು, ಯಾವ ಬಿಳಿ ಚಾವಣಿಯಡಿ ಉಷ್ಣಮಾಪಕ ಎಷ್ಟು ತೋರಿಸಿತು, ಇಷ್ಟನ್ನು ನೋಡಿ ಪಟ್ಟಿಯನ್ನು ತಿದ್ದಿ. ಹೊಸದಾಗಿ ಗುಳೆ ಹೋದ ಮನೆಗಳಿಗೆ ನೋಡಿಬರುವವರನ್ನು ಗೊತ್ತುಮಾಡಿ. ಸುಣ್ಣ, ಓಆರ್‌ಎಸ್, ಹರವಿಗಳಿಗೆ ತಗಲಿದ ಖರ್ಚಿನ ಲೆಕ್ಕವನ್ನು ಪಂಚಾಯಿತಿಯ ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ತೆಗೆದುಕೊಂಡು ನೋಟ್‌ಬುಕ್ಕಿಗೆ ಅಂಟಿಸಿಡಿ.